ರೆಕಾರ್ಡರಿನೊಳಗೆ ತುರುಕಿದ ಹತ್ತಿ

ಮೂರನೇ ತರಗತಿಯ ಇಪ್ಪತ್ತಾರು ಮಕ್ಕಳು ಒಟ್ಟಿಗೆ ರೆಕಾರ್ಡರ್ ಊದಿದರೆ ಹೇಗಿರುತ್ತದೆಂಬುದು ಕೇಳಿಸಿಕೊಂಡವರಿಗಷ್ಟೇ ಗೊತ್ತು. ನೆಟ್ಟಗೆ ಹಿಡಿದು ಊದುವ ಪ್ಲಾಸ್ಟಿಕ್ ಕೊಳಲು ಅದು. ಮೆಲ್ಲಗೆ ಊದಿದರೆ ಇಂಪಾಗಿರುತ್ತದೆ, ಉಸಿರು ಸ್ವಲ್ಪ ಜಾಸ್ತಿಯಾದರೂ ಕಿರುಚುತ್ತದೆ. ನಾನು ಕಲಿತದ್ದು ಹಾಡುಗಾರಿಕೆ. ಪುತ್ತೂರಿನ ಶಾಲೆಯೊಂದಕ್ಕೆ ಸಂಗೀತ ಟೀಚರಾಗಿ ಸೇರಿದ ಮೇಲೆ ಇದನ್ನೂ ಕಲಿಸಬೇಕೆಂದರು. ದರ್ಬೆಯ ಬಾಡಿಗೆ ಮನೆಯಲ್ಲಿ ಮೊಬೈಲ್ ಎದುರಿಟ್ಟುಕೊಂಡು ಭಾನುವಾರ ಕಲಿತದ್ದನ್ನು ಸೋಮವಾರ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಯಾರಾದರೂ ಪ್ರಶ್ನೆ ಕೇಳಲು ಕೈ ಎತ್ತಿದರೆ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ.

ಕಬಕದಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಬೆರಳು ತೀರಾ ಸಪೂರ, ತೂತು ಪೂರ್ತಿ ಮುಚ್ಚುತ್ತಿರಲಿಲ್ಲ. ಉತ್ಸಾಹ ಮಾತ್ರ ಎಲ್ಲರಿಗಿಂತ ಹೆಚ್ಚು. ಕೆನ್ನೆ ಉಬ್ಬಿಸಿ ಊದಿದಳೆಂದರೆ ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. "ಮೆಲ್ಲ ಊದು, ಬಿಸಿ ಚಹಾ ಆರಿಸುವ ಹಾಗೆ" ಎಂದರೆ ತಲೆಯಾಡಿಸಿ ಮತ್ತೆ ಅಷ್ಟೇ ಜೋರಾಗಿ ಊದುತ್ತಿದ್ದಳು.

ವಾರ್ಷಿಕೋತ್ಸವದ ತಾಲೀಮು ನೋಡಲು ಬಂದ ಹೆಡ್ ಟೀಚರ್ ನನ್ನನ್ನು ಹೊರಗೆ ಕರೆದರು. "ಅವಳನ್ನು ಬಿಟ್ಟುಬಿಡುದು ಒಳ್ಳೇದಲ್ವಾ?"

"ಬೇಡ, ನಾನು ಸರಿ ಮಾಡ್ತೇನೆ" ಎಂದೆ.

ಸರಿ ಮಾಡಿದ್ದು ಹೀಗೆ: ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಸ್ಟಾಫ್ ರೂಮಿನಲ್ಲಿ ಇರಿಸಿದ್ದ ಅವಳ ರೆಕಾರ್ಡರಿನ ತಲೆಯ ಭಾಗ ಕಳಚಿ, ಒಳಗೆ ಹತ್ತಿ ತುರುಕಿದೆ. ಹಾಗೆ ಮಾಡಿದರೆ ಊದಿದ ಗಾಳಿ ಒಳಗೆ ಹೋಗುತ್ತದೆ, ಸ್ವರ ಮಾತ್ರ ಬರುವುದಿಲ್ಲ. ಮುಗಿದ ಕೂಡಲೇ ತೆಗೆದುಬಿಟ್ಟರಾಯಿತು ಅಂದುಕೊಂಡೆ.

ವೇದಿಕೆಯ ಮೇಲೆ ಎಲ್ಲವೂ ಚೆನ್ನಾಗಿ ನಡೆಯಿತು. ಅವಳು ಊದಿದಳು, ಇನ್ನೂ ಜೋರಾಗಿ ಊದಿದಳು, ನಡುವೆ ಒಮ್ಮೆ ನನ್ನ ಕಡೆ ನೋಡಿದಳು. ನಾನು ತಾಳ ಹಾಕುತ್ತಾ ಕಣ್ಣು ತಪ್ಪಿಸಿದೆ. ಕೆಳಗಿಳಿದಾಗ ಅವಳ ತಾಯಿ ಫೋನ್ ಹಿಡಿದು ನಿಂತಿದ್ದರು. ದುಬೈಯಲ್ಲಿರುವ ತಂದೆ ವಿಡಿಯೋ ಕಾಲಿನಲ್ಲಿ ಬ್ಯಾರಿ ಭಾಷೆಯಲ್ಲಿ ಹೇಳಿದ್ದು ನನಗೂ ಅರ್ಥವಾಯಿತು: ಎಲ್ಲರಿಗಿಂತ ನಿನ್ನದೇ ಚಂದ ಕೇಳಿತು ಮಗಳೇ. ಅವಳು ರೆಕಾರ್ಡರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಗದ್ದಲದಲ್ಲಿ ಅವಳು ರೆಕಾರ್ಡರ್ ಸಮೇತ ಮನೆಗೆ ಹೋಗಿಬಿಟ್ಟಿದ್ದಳು. ಮರುದಿನ ರಜೆ. ಒಲೆಯ ಮೇಲಿಟ್ಟ ಪಲ್ಯ ಸೀದುಹೋಯಿತು. ಬಸ್‌ಸ್ಟ್ಯಾಂಡಿನವರೆಗೆ ನಡೆದು, ಹೇಳುವುದಾದರೂ ಏನೆಂದು ಹೊಳೆಯದೆ ಹಿಂದೆ ಬಂದೆ. ಮಧ್ಯಾಹ್ನ ಪುನಃ ಹೋಗಿ ವಿಟ್ಲದ ಬಸ್ ಹತ್ತಿ, ದಾರಿಯಲ್ಲಿ ಕಬಕದಲ್ಲಿಳಿದು ಅವಳ ಮನೆ ಕೇಳಿಕೊಂಡು ಹೋದೆ.

"ಬನ್ನಿ ಟೀಚರ್, ಕೂತ್ಕೊಳ್ಳಿ. ಇವಳೆಂತ ಮಾಡಿದ್ದು?" ಎಂದು ತಾಯಿ ಗಾಬರಿಯಲ್ಲೇ ಕುರ್ಚಿ ಎಳೆದರು. ಹುಡುಗಿ ಒಳಗಿನಿಂದ ಓಡಿಬಂದು ಅಂಗೈ ಬಿಡಿಸಿದಳು. ಹತ್ತಿಯ ಉಂಡೆ.

"ಟೀಚರ್, ಇದು ಒಳಗೆ ಇತ್ತು."

"ಅಂಗಡಿಯವರು ಹಾಕಿದ್ದೋ ಏನೋ" ಎಂದರು ತಾಯಿ.

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಅಲ್ಲ, ಹಾಕಿದ್ದು ನಾನು. ಇವಳದ್ದು ಕಿರುಚ್ತದೆ ಅಂತ. ತಪ್ಪು ಮಾಡಿದೆ" ಎಂದೆ.

ಹುಡುಗಿ ನನ್ನನ್ನೂ ತಾಯಿಯನ್ನೂ ನೋಡಿದಳು. "ಹಾಗಾದ್ರೆ ಪಪ್ಪನಿಗೆ ಕೇಳಿದ್ದು ಯಾರದ್ದು?"

ತಾಯಿ ಅವಳ ಅಂಗೈಯಿಂದ ಹತ್ತಿ ತೆಗೆದು ಕಿಟಕಿಯಾಚೆ ಎಸೆದು ಹೇಳಿದರು: "ಬಂದದ್ದು ಬಂದಿದ್ದೀರಿ. ಅವಳಿಗೆ ಸರಿಯಾಗಿ ಕಲಿಸಿಯೇ ಹೋಗಿ."

ನೆಲದ ಮೇಲೆ ಅವಳ ಪಕ್ಕ ಕೂತೆ. ಇಪ್ಪತ್ತಾರು ಮಕ್ಕಳ ನಡುವೆ ಅವಳ ಕೈಯನ್ನು ಅಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ. ಬೆರಳಿನ ತುದಿಯನ್ನು ತೂತಿನ ಮೇಲೆ ಕುಕ್ಕಿದಂತೆ ಇಡುತ್ತಿದ್ದಳು. "ಹೀಗೆ ಯಾಕೆ ಇಡ್ತೀ?" ಎಂದು ಕೇಳಿದೆ. "ನೀವೇ ಹೇಳಿದ್ದು, ಬೆರಳ ತುದಿ ಅಂತ." ನಿಜ, ಮೊದಲ ವಾರ ನಾನೇ ಹಾಗೆ ಹೇಳಿದ್ದೆ. ನನಗೆ ಗೊತ್ತಿದ್ದದ್ದೂ ಅಷ್ಟೇ. ಆಮೇಲೆ ಬೆರಳಿನ ಮೆತ್ತನೆಯ ಭಾಗದಲ್ಲಿ ಮುಚ್ಚಬೇಕೆಂದು ತಿಳಿದು ನಾನು ತಿದ್ದಿಕೊಂಡಿದ್ದೆ, ಮಕ್ಕಳಿಗೆ ಹೇಳಲು ಮರೆತಿದ್ದೆ. ಉಳಿದವರು ನನ್ನ ಕೈ ನೋಡಿ ತಾವಾಗಿ ಬದಲಾಯಿಸಿಕೊಂಡಿರಬೇಕು. ಇವಳು ನನ್ನ ಮಾತನ್ನು ಹಾಗೇ ಪಾಲಿಸಿದ್ದಳು.

ಬೆರಳನ್ನು ಚಪ್ಪಟೆಯಾಗಿ ಇಡಿಸಿದೆ. ಎರಡು ಸಲ ಕಿರುಚಿತು. ಮೂರನೇ ಸಲ ಸ್ವರ ಸ್ವಚ್ಛವಾಗಿ ಬಂತು. ಸಂಜೆಯೊಳಗೆ ಮೂರು ಸ್ವರ ಬಂದವು. ತಾಯಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗಂಡನಿಗೆ ಕಳಿಸಿದರು.

ಹೇಳಿಬಿಟ್ಟರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಸೋಮವಾರ ತರಗತಿಯಲ್ಲಿ ಅವಳು ರೆಕಾರ್ಡರಿನ ತಲೆ ಕಳಚಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಸಿಟ್ಟೇನೂ ಇರಲಿಲ್ಲ, ನನ್ನನ್ನು ನೋಡಿ ನಕ್ಕಳು ಕೂಡ. ಈಗಲೂ ಪ್ರತಿ ಸಲ ಹಾಗೇ ಮಾಡುತ್ತಾಳೆ. ಅವಳು ನೋಡಿ ಮುಗಿಸುವವರೆಗೆ ನಾನು ಪಾಠ ಶುರು ಮಾಡುವುದಿಲ್ಲ.