‘ಹೊಳೆ ಇಳಿದ ಮೇಲೆ’ಯ ಹೆಸರಿಲ್ಲದ ದನಿ

ಬಕ್‌ಲಿಕ್ ಊರಿಗೆ ಇನ್ನೂ ಬೆಳಕು ಹರಿದಿಲ್ಲ. ಕೆಂಟಕಿಯ ಈ ಮೂಲೆಯಲ್ಲಿ ಸೂರ್ಯ ಬೆಟ್ಟ ಹತ್ತಿ ಬರುವಷ್ಟರಲ್ಲಿ ಅರ್ಧ ಊರು ಕೆಲಸಕ್ಕೆ ಹೋಗಿ ಆಗಿರುತ್ತದೆ. ಪೆಟ್ರೋಲ್ ಬಂಕಿನ ಹಿಂದಿನ ಅಡುಗೆಮನೆಯಲ್ಲಿ ಅರ್ಡೆಲ್ಲಾ ಸ್ಲೋನ್ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದಾರೆ. ಮಜ್ಜಿಗೆ ಸುರಿದು ಕಲಸುತ್ತಾರೆ, ಹದವಾಗಿ ತಟ್ಟುತ್ತಾರೆ, ಲೋಟದ ಬಾಯಿಂದ ಒತ್ತಿ ಒಲೆಗೆ ತಳ್ಳುತ್ತಾರೆ. ಉಬ್ಬಿ ಬಂದ, ಬನ್ನಿನಂಥ ಮೆತ್ತನೆಯ ಬಿಸ್ಕತ್ತನ್ನು ಸೀಳಿ ಮಾಂಸದ ಬಿಲ್ಲೆ ಇಟ್ಟು ಕಿಟಕಿಯಲ್ಲಿ ಕೊಡುತ್ತಾರೆ. ಪಾಳಿ ಮುಗಿಸಿ ಬಂದ ಕಲ್ಲಿದ್ದಲು ಗಣಿಯವರೂ ಪಾಳಿಗೆ ಹೊರಟವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಯಾರ ಮುಖ ಗಣಿಯ ಮಸಿಯಿಂದ ಕಪ್ಪಗಿದೆ, ಯಾರದು ತೊಳೆದು ಬೆಳ್ಳಗಿದೆ ಎಂಬುದರ ಮೇಲೆ ಯಾರಿಗೆ ಹಸಿವು ಜಾಸ್ತಿ ಎಂದು ಅರ್ಡೆಲ್ಲಾಗೆ ಗೊತ್ತಾಗುತ್ತದೆ.

ಗೋಡೆಯ ಮೇಲಿನ ರೇಡಿಯೋದಲ್ಲಿ ಹೆಸರಾಂತ ಹಾಡುಗಾರ ಡಾರ್ಸಿ ಟ್ಯಾಕೆಟ್ ಹಾಡುತ್ತಿದ್ದಾನೆ. ಅವನ ಹಳೆಯ ‘ಹೊಳೆ ಇಳಿದ ಮೇಲೆ’ ಆಲ್ಬಂ ಈ ಬೆಟ್ಟಗಳಲ್ಲಿ ಇಲ್ಲದ ಮನೆ ಇಲ್ಲ. ಗಂಡನ ಅಂಗಿಯಿಂದ ಕಲ್ಲಿದ್ದಲಿನ ಕಪ್ಪು ಬಿಡಿಸುವ ಹೆಂಡತಿಯ ಹಾಡು, ಗಣಿಯ ಸೀಟಿಯ ಹಾಡು, ಎಲ್ಲ ಅದರಲ್ಲಿವೆ. ಆದರೆ ಜನ ಕೆಲಸ ಬಿಟ್ಟು ಕಿವಿಗೊಡುವುದು ಕೊನೆಯ ಹಾಡಿಗೆ. ‘ಹೊಳೆ ಇಳಿದ ಮೇಲೆ ಬರ್ತೀನಿ ಅಂದಿದ್ದೆ’ ಎಂದು ಡಾರ್ಸಿ ಮೊದಲ ಸಾಲನ್ನು ಹಾಡದೆ, ಮಾತಿನಲ್ಲೇ ಹೇಳುತ್ತಾನೆ. ಆಗ ಎಲ್ಲಿಂದಲೋ ಒಂದು ಹೆಣ್ಣುದನಿ ಅದೇ ಸಾಲನ್ನು ಎತ್ತಿಕೊಂಡು, ಒಂದೊಂದು ಅಕ್ಷರವನ್ನೂ ಬೆಟ್ಟ ಹತ್ತಿಸಿ ಇಳಿಸುತ್ತದೆ. ಆಲ್ಬಂನ ಕವರಿನಲ್ಲಿ ಆ ದನಿಯ ಹೆಸರಿಲ್ಲ.

ಲಾರಿ ಓಡಿಸುವ ವರ್ಜಿಲ್‌ಗೆ ಆ ಸಾಲನ್ನು ಅಣಕಿಸಿ ಹಾಡುವ ಚಟ. ಇವತ್ತೂ ಹಾಡಿ, ಹೆಂಗಿತ್ತು ಡೆಲ್ಲಾ ಅತ್ತೆ ಎಂದು ಕೇಳುತ್ತಾನೆ.

“ಕರು ಕಳಕೊಂಡ ಹಸು ಇದ್ದಂಗಿತ್ತು. ತಗೋ, ತಿನ್ನು, ಬಾಯಾದ್ರೂ ಮುಚ್ಚುತ್ತೆ.”

ಹೋದ ವರ್ಷದವರೆಗೂ ವರ್ಜಿಲ್ ಈ ಅಣಕವನ್ನು ಆ ದನಿಯ ಒಡತಿಯ ಮುಂದೆಯೇ ಮಾಡುತ್ತಿದ್ದೇನೆಂದು ತಿಳಿಯದೆ ಮಾಡುತ್ತಿದ್ದ. ಈಗ ತಿಳಿದಿದೆ. ಆದರೂ ಬಿಟ್ಟಿಲ್ಲ.

ಅರ್ಡೆಲ್ಲಾ ಹುಡುಗಿಯಾಗಿದ್ದಾಗ ನ್ಯಾಶ್‌ವಿಲ್‌ನ ಅಂಗಿ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದರು. ಒಂದೇ ಕೋಣೆಯಲ್ಲಿದ್ದ ಗೆಳತಿ, ಮುಖ್ಯ ಹಾಡುಗಾರರ ಹಿಂದೆ ನಿಂತು ದನಿಗೂಡಿಸುವವಳು. ಅವಳ ಗಂಟಲು ಕಟ್ಟಿದ ದಿನ ತನ್ನ ಬದಲಿಗೆ ಇವರನ್ನು ಡಾರ್ಸಿಯ ಹಾಡು ರೆಕಾರ್ಡಾಗುತ್ತಿದ್ದ ಸ್ಟುಡಿಯೋಗೆ ದಬ್ಬಿದಳು. ಇವರಿಗೆ ಗೊತ್ತಿದ್ದದ್ದು ಊರ ಚರ್ಚಿನ ಹಾಡೊಂದೇ. ಅಲ್ಲಿ ವಾದ್ಯವಿಲ್ಲ, ಕೈಯಲ್ಲಿ ಪುಸ್ತಕವೂ ಇಲ್ಲ. ಹಿರಿಯರೊಬ್ಬರು ಸಾಲನ್ನು ಬಿರಬಿರನೆ ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಂಡು ಎಳೆದು ಹಾಡುತ್ತಾರೆ. ಬೇಕಾದರೆ ಎತ್ತಿಕೊಳ್ಳಿ ಎನ್ನುವ ಮಾತೇ ಅಲ್ಲಿಲ್ಲ. ಸಾಲು ಕೊಟ್ಟವರನ್ನು ಒಬ್ಬಂಟಿ ಬಿಡುವುದು ಮರ್ಯಾದೆಯಲ್ಲ. ಡಾರ್ಸಿ ಆ ಮೊದಲ ಸಾಲನ್ನು ಮಾತಿನಲ್ಲಿ ಹೇಳಿದ್ದೇ ತಡ, ಇವರು ಎತ್ತಿಕೊಂಡುಬಿಟ್ಟರು. ಇವರು ದನಿಗೂಡಿಸಬೇಕಿದ್ದದ್ದು ಇನ್ನೂ ಎಷ್ಟೋ ಸಾಲುಗಳ ಆಚೆ, ಅದೂ ಮೆಲ್ಲಗೆ.

“ಎಲ್ಲರೂ ನನ್ನೇ ನೋಡ್ತಾ ಕೂತ್ರು. ಸತ್ತೆ ಅಂದ್ಕೊಂಡೆ. ಆದ್ರೆ ಸಾಲು ಅರ್ಧಕ್ಕೆ ಬಿಡೋಕಾಗುತ್ತಾ? ಮುಗಿಸ್ದೆ.”

ಡಾರ್ಸಿ ಮುಂದಿನ ಸಾಲು ಹಿಡಿದ. ಇನ್ನೊಮ್ಮೆ ಮಾಡೋಣ ಎಂದವರಿಗೆಲ್ಲ ಬೇಡ ಎಂದ. ಅರ್ಡೆಲ್ಲಾ ಮಾತ್ರ ನಾಚಿಕೆಯಿಂದ ಯಾರಿಗೂ ಹೇಳದೆ ಹೊರಟು ಬಂದರು. ಮುಂದೆ ಊರಿಗೆ ಮರಳಿ ಗಣಿಯವನನ್ನು ಮದುವೆಯಾದರು. ಗಂಡನ ಶ್ವಾಸಕೋಶವನ್ನು ಕಲ್ಲಿದ್ದಲ ಧೂಳು ತಿಂದಿತು. ಗಂಡ ತೀರಿಕೊಂಡ ವರ್ಷವೇ ಅರ್ಡೆಲ್ಲಾ ಹೊಳೆಯಲ್ಲಿ ಮುಳುಗೆದ್ದು ದೀಕ್ಷೆ ಪಡೆದು ಚರ್ಚಿನ ಸದಸ್ಯೆಯಾದರು. ಚರ್ಚಿನಲ್ಲಿ ತಾನು ಕೂರುವ ಬೆಂಚೇ ತನ್ನನ್ನು ಬದುಕಿಸಿದ್ದು ಎನ್ನುತ್ತಾರೆ. ವಾದ್ಯದವರ ಜೊತೆ ಪ್ರೇಮದ ಹಾಡು ಹಾಡಿದವರನ್ನು ಬಕ್‌ಲಿಕ್ ಚರ್ಚು ಹೊರಗಿಡುತ್ತದೆ. ಹಾಗಾಗಿ ತುಟಿ ಬಿಚ್ಚಲಿಲ್ಲ.

ಬಿಚ್ಚಿದವನು ಡಾರ್ಸಿ. ಹೋದ ವರ್ಷ, ತೀರಿಕೊಳ್ಳುವ ಮುಂಚೆ, ಆ ದನಿ ಬಕ್‌ಲಿಕ್‌ನ ಅರ್ಡೆಲ್ಲಾಳದ್ದು, ಅವಳ ಗೆಳತಿಯಿಂದ ತಿಳಿಯಿತು ಎಂದು ರೇಡಿಯೋದಲ್ಲಿ ಹೇಳಿಬಿಟ್ಟ. ಆಲ್ಬಂ ಹೊಸದಾಗಿ ಬರುತ್ತದೆ, ಕವರಿನಲ್ಲಿ ನಿಮ್ಮ ಹೆಸರು ಹಾಕಲು ಒಪ್ಪಿಗೆ ಕೊಡಿ ಎಂದು ಕಂಪನಿಯ ಕೋರಿನ್ ಎಂಬ ಹುಡುಗಿ ಫೋನು ಮಾಡಿದಳು. ಅರ್ಡೆಲ್ಲಾ ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಚರ್ಚಿನ ಸಭೆ ಮುಗಿಯಲಿ ಎಂದರು.

ಪ್ರತಿ ತಿಂಗಳ ಸಭೆಯ ಶನಿವಾರ ಮೊದಲು ಕೇಳುವುದು, ಎಲ್ಲರ ನಡುವೆ ಸಮಾಧಾನ ಇದೆಯೇ ಎಂದು. ಅರ್ಡೆಲ್ಲಾ ಎದ್ದು ನಿಂತರು. ನಡೆದದ್ದೆಲ್ಲ ಹೇಳಿದರು. ಬೆಂಚು ಬಿಟ್ಟುಕೊಡಬೇಕೆಂದರೆ ಬಿಡುತ್ತೇನೆ, ಸುಳ್ಳು ಹೇಳಿಕೊಂಡು ಕೂರಲಾರೆ ಎಂದರು. ಹಿಂದಿನ ಸಾಲಿನ ಮುದುಕಿಯೊಬ್ಬರು, ಗಿಟಾರು ಗಿಟಾರೇ, ಇವತ್ತು ಬಿಟ್ಟರೆ ನಾಳೆ ಚರ್ಚಿನೊಳಗೇ ಪಿಟೀಲು ಬರುತ್ತದೆ ಎಂದು ಗೊಣಗಿದರು.

ಸಭೆ ನಡೆಸುವ ಹಿರಿಯರು ಎಸ್ಟಿಲ್ ಅಂಬರ್ಗಿ. ಗಣಿಯಲ್ಲಿ ಬೆನ್ನು ಮುರಿದುಕೊಂಡವರು, ನಕ್ಕದ್ದನ್ನು ಕಂಡವರು ಕಡಿಮೆ. ಗಡ್ಡ ಕೆರೆದುಕೊಂಡರು.

“ಆ ಸಾಲಲ್ಲಿ ವಾದ್ಯ ಇಲ್ಲ,” ಎಂದರು ಕೊನೆಗೆ. “ಇವಳು ಎತ್ಕೊಂಡ ತಕ್ಷಣ ವಾದ್ಯದವರೆಲ್ಲ ಕೈ ತೆಗೀತಾರೆ. ಗಿಟಾರು ಬರೋದು ಅವನ ಎರಡನೇ ಸಾಲಿಗೆ.”

ಸಭೆಯಲ್ಲಿದ್ದ ಎಲ್ಲ ತಲೆಗಳೂ ಅರ್ಡೆಲ್ಲಾರನ್ನು ಬಿಟ್ಟು ಎಸ್ಟಿಲ್ ಕಡೆಗೆ ತಿರುಗಿದವು. ಎಸ್ಟಿಲ್ ಕಿವಿ ಕೆಂಪಾಯಿತು. ಗೊಣಗಿದ ಮುದುಕಿಯೇ ಮೊದಲು ಕಿಸಕ್ಕೆಂದದ್ದು. ಪ್ರೇಮದ ಹಾಡಿನ ಮಾತು ಹಾಗೇ ಉಳಿಯಿತು, ಅದನ್ನು ಮತ್ತೆ ಎತ್ತುವ ಮುಖ ಯಾರಿಗೂ ಇರಲಿಲ್ಲ. ಎಸ್ಟಿಲ್ ಗಂಟಲು ಸರಿಮಾಡಿಕೊಂಡು, ಬೇರೆ ತಕರಾರಿಲ್ಲದಿದ್ದರೆ ಹಾಡೋಣ ಎಂದು ಒಂದು ಸಾಲು ಕೊಟ್ಟರು. ಅರ್ಡೆಲ್ಲಾ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ದನಿ ಬರುವವರೆಗೂ ಯಾರೂ ಮುಂದೆ ಹೋಗಲಿಲ್ಲ, ಕಾದರು.

ಸೋಮವಾರ ಕೋರಿನ್ ಮತ್ತೆ ಫೋನು ಮಾಡಿ, ಕವರಿನಲ್ಲಿ ಹಾಕುವ ಮಾತುಗಳನ್ನು ಓದಿ ಹೇಳಿದಳು. ಈ ಸಂಗೀತದ ಚರಿತ್ರೆಯಲ್ಲೇ ಅತಿ ಸುಂದರವಾದ ತಪ್ಪು, ಹಾಡಿದವರು ಅರ್ಡೆಲ್ಲಾ ಸ್ಲೋನ್ ಎಂದಿತ್ತು. ಹೊಗಳಿಕೆ ಎಂದು ಅರ್ಡೆಲ್ಲಾಗೆ ಗೊತ್ತು. ಹುಡುಗಿ ಒಳ್ಳೆಯವಳು ಎಂದೂ ಗೊತ್ತು. ಆದರೂ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಇಷ್ಟು ವರ್ಷ ಕೇಳದಿದ್ದ ಒಂದನ್ನು ಕೇಳಿದ್ದಾರೆ.

“ಹೆಸರು ಹಾಕಿದ್ರೂ ಸರಿ, ಬಿಟ್ರೂ ಸರಿ ಮಗಳೇ. ಆದ್ರೆ ತಪ್ಪು ಅನ್ನೋದನ್ನ ತೆಗಿ. ಅವನು ಸಾಲು ಕೊಟ್ಟ, ನಾನು ಎತ್ಕೊಂಡೆ.”