ರಜೆ ಸಿಗದ ಉಪ್ಪಿನಕಾಯಿ ಜಾಡಿ

ಸಂಡೂರಿನ ಗಣಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿ ಆರೇ ತಿಂಗಳು. ಎರಡು ವಾರದಿಂದ ಓಕರಿಕೆ, ಸುಸ್ತು. ಊರಿಗೆ ಊರೇ ಕೆಂಪು ಧೂಳು. ಅದೇ ಕಾರಣವಿರಬೇಕೆಂದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡಿದೆ.

ಒಂದು ಮುಂಜಾನೆ ಮನೆ ಒಡತಿ ಗೌರಮ್ಮ ತಡೆದರು. "ಯವ್ವಾ, ಹೊರಗಾದಾಗ ಕೈ ಹಚ್ಚಿದ್ರ ಉಪ್ಪಿನಕಾಯಿ ಕೆಡ್ತದಂತ ಪ್ರತಿ ತಿಂಗಳು ನನ್ನ ಕರದು ಜಾಡಿಯಿಂದ ತಗಿಸ್ಕೊಂತಿದ್ದಿ. ಈ ಸಲ ಕರೀಲೇ ಇಲ್ಲಲ್ಲ?"

ಬೆರಳು ಮಡಚಿ ಎಣಿಸಿದೆ. ಲೆಕ್ಕ ತಪ್ಪಿತು. ಮತ್ತೆ ಎಣಿಸಿದೆ. ಹೋದ ಸಲ ಹೊರಗಾಗಿ ನಲವತ್ತೈದು ದಿನ!

"ಹಂಗಾರ ಇದು ಧೂಳಲ್ಲೇನ್ರಿ?"

"ಧೂಳಿಗೆ ಮುಟ್ಟು ನಿಲ್ತದೇನು? ನಾಳೆ ಎದ್ದ ಕೂಡ್ಲೆ ಪರೀಕ್ಷೆ ಮಾಡ್ಕೊ."

ಔಷಧಿ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ತಿಂಗಳಿಗೆ ಮೂರು ದಿನ ನನ್ನ ಕೈಯಿಂದ ರಜೆ ಪಡೆಯುತ್ತಿದ್ದ ಆ ಜಾಡಿಗೆ ಮುಂದೆ ಹೆರಿಗೆಯವರೆಗೂ ಒಂದು ದಿನವೂ ರಜೆ ಸಿಗಲಿಲ್ಲ.