ಗಿರಣಿಯಲ್ಲಿ ಇಡುತ್ತಿದ್ದ ಹೆಪ್ಪು

ಎಂ.ಎ.ಯಲ್ಲಿ ನಾನು ಓದಿದ್ದು ಅಂತರರಾಷ್ಟ್ರೀಯ ಭದ್ರತೆ ಮತ್ತು ಸಂಘರ್ಷ. ಎರಡನೆಯ ವರ್ಷದ ಪ್ರಬಂಧಕ್ಕೆ ಆರಿಸಿಕೊಂಡದ್ದು, ಜಗಳವಾಡುವ ಎರಡು ದೇಶಗಳು ಯಾರಿಗೂ ಕಾಣದಂತೆ ಮಾತನಾಡುವ ಬಗೆ. ರಾಯಭಾರಿಗಳನ್ನು ವಾಪಸು ಕರೆಸಿಕೊಂಡ ಮೇಲೂ ಯಾರೋ ಇಬ್ಬರು ಮೂರನೆಯ ದೇಶದ ಹೋಟೆಲೊಂದರಲ್ಲಿ ಕೂತು ಮಾತನಾಡುತ್ತಿರುತ್ತಾರೆ. ಎರಡೂ ಸರ್ಕಾರಗಳಿಗೆ ಅದು ಗೊತ್ತಿರುತ್ತದೆ. ಗೊತ್ತಿಲ್ಲ ಎಂದು ಹೇಳಲು ದಾರಿಯೂ ಇರುತ್ತದೆ. ಇದನ್ನು ಹಿಂಬಾಗಿಲ ಮಾತುಕತೆ ಎನ್ನುತ್ತಾರೆ. ನಮ್ಮ ಮೇಷ್ಟ್ರು ಹೇಳಿದ್ದರು, ಈ ಬಾಗಿಲು ಮುಚ್ಚಲು ವೈರಿ ಬೇಕಿಲ್ಲ, ಯಾರಾದರೂ ಅದರ ಬಗ್ಗೆ ಗಟ್ಟಿಯಾಗಿ ಮಾತನಾಡಿದರೆ ಸಾಕು. ನಾನು ಅದನ್ನು ಬರೆದುಕೊಂಡು ಅಡಿಗೆರೆ ಎಳೆದಿದ್ದೆ.

ಅಂಥದೊಂದು ಬಾಗಿಲನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ.

ನಮ್ಮ ಊರು ಕೋಗಳಿಯ ಹತ್ತಿರ. ಅಪ್ಪ ನೌಕರಿಗಾಗಿ ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿದ್ದ. ಊರಲ್ಲೇ ಉಳಿದ ಅವನ ಅಣ್ಣ ಮತ್ತು ತಮ್ಮ ಹೊಲದ ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದರು. ಅಣ್ಣನ ಹೆಂಡತಿ ನನಗೆ ದೊಡ್ಡವ್ವ, ತಮ್ಮನ ಹೆಂಡತಿ ಚಿಗವ್ವ. ಅವರಿಬ್ಬರೂ ಒಡಹುಟ್ಟಿದವರು, ಒಂದೇ ಹಂದರದಲ್ಲಿ ಮದುವೆಯಾಗಿ ಬಂದ ಅಕ್ಕತಂಗಿಯರು. ಗಂಡಂದಿರು ಮಾತು ಬಿಟ್ಟ ಮೇಲೆ ಇವರೂ ಬಿಡಬೇಕಾಯಿತು. ನಲ್ಲಿಯ ಮುಂದೆ ಎದುರಾದರೆ ಮುಖ ತಿರುಗಿಸಿಕೊಂಡು ಕೊಡ ತುಂಬುತ್ತಿದ್ದರು.

ಆದರೆ ಎರಡೂ ಮನೆಯ ಮೊಸರು ಒಂದೇ ಆಗಿತ್ತು. ಅವರ ತವರು ಉಚ್ಚಂಗಿದುರ್ಗದ ಕಡೆ. ಮದುವೆಯಾದಾಗ ಅವರವ್ವ ತನ್ನ ಮನೆಯ ಹೆಪ್ಪನ್ನು ಇಬ್ಬರಿಗೂ ಕೊಟ್ಟು ಕಳಿಸಿದ್ದಳು. ಆ ತಾಯಿ ಈಗಿಲ್ಲ. ಒಂದು ಮನೆಯಲ್ಲಿ ಹೆಪ್ಪು ಕೆಟ್ಟರೆ ಇನ್ನೊಂದು ಮನೆಯಿಂದ ಹೋಗುತ್ತಿತ್ತು, ಹಿಟ್ಟಿನ ಗಿರಣಿಯ ಮೂಲಕ. ದೊಡ್ಡವ್ವ ಜೋಳದ ಪುಟ್ಟಿಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಹುಗಿದಿಡುತ್ತಿದ್ದಳು. ಗಿರಣಿ ನಡೆಸುವ ಹೆಂಗಸು ಅದನ್ನು ತೆಗೆದು ತಕ್ಕಡಿಯ ಹಿಂದೆ ಇಡುತ್ತಿದ್ದಳು. ಚಿಗವ್ವ ಬಂದಾಗ ಡಬ್ಬಿಯ ಜೊತೆ ಎರಡು ಮಾತೂ ಅವಳಿಗೆ ತಲುಪುತ್ತಿದ್ದವು: ಮಗಳಿಗೆ ಐದು ತಿಂಗಳು, ಮಂಡಿನೋವು ಕಡಿಮೆಯಾಗಿದೆ, ಅಂಥವು.

ಬೇಸಿಗೆ ರಜೆಯಲ್ಲಿ ಪುಟ್ಟಿ ಹೊರುತ್ತಿದ್ದವಳು ನಾನು. ತಿರುಗಿ ಬರುವ ಡಬ್ಬಿ ಎಂದೂ ಬರಿದಾಗಿರುತ್ತಿರಲಿಲ್ಲ. ಚಿಗವ್ವ ಇಟ್ಟ ಒಂದು ತುಂಡು ಬೆಲ್ಲ ಇರುತ್ತಿತ್ತು. ಅದನ್ನು ನಾನು ದಾರಿಯಲ್ಲೇ ತಿಂದುಬಿಡುತ್ತಿದ್ದೆ. ದೊಡ್ಡವ್ವ ಡಬ್ಬಿ ಮೂಸಿ ಕೇಳುತ್ತಿದ್ದಳು.

“ಬೆಲ್ಲ ಇತ್ತೋ ಇಲ್ಲೋ?”

“ಇತ್ತು.”

“ಎಲ್ಲಿ ಹೋತು?”

ನಾನು ಬಾಯಿ ಒರೆಸಿಕೊಳ್ಳುತ್ತಿದ್ದೆ.

“ಇರ್ಲಿ ಬಿಡು. ಇತ್ತಲ್ಲ, ಅಷ್ಟ ಸಾಕು.”

ಪ್ರಬಂಧದಲ್ಲಿ ಇದನ್ನು ನಾನು ಬರೆಯಲಿಲ್ಲ. ನಿವೃತ್ತ ಅಧಿಕಾರಿಗಳನ್ನು ಮಾತನಾಡಿಸುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೆ, ಅವರ ಗುರುತು ಸಿಗದಂತೆ ಊರುಗಳನ್ನೂ ಅಳಿಸಿದ್ದೆ. ಅಷ್ಟು ಎಚ್ಚರವಿತ್ತು. ಪದವಿ ಬಂದ ಮೇಲೆ ಕೊಟ್ಟೂರಿನಲ್ಲಿ ಒಂದು ಕಾಲೇಜಿನವರು ಮಾತನಾಡಲು ಕರೆದರು. ಊಟದ ನಂತರದ ಹೊತ್ತು. ಹುಡುಗರು ತೂಕಡಿಸುತ್ತಿದ್ದರು. ಒಪ್ಪಂದ, ಗಡಿ, ಮಧ್ಯಸ್ಥಿಕೆ ಯಾವುದಕ್ಕೂ ಅವರು ತಲೆ ಎತ್ತಲಿಲ್ಲ. ಆಗ ನಾನು, “ನಮ್ಮ ಕಡೆಯದೇ ಒಂದು ಉದಾಹರಣೆ ಹೇಳ್ತೀನಿ” ಎಂದೆ. ಯಾರ ಹೆಸರನ್ನೂ ಹೇಳಲಿಲ್ಲ, ಊರಿನ ಹೆಸರನ್ನೂ ಹೇಳಲಿಲ್ಲ. ಗಿರಣಿ ಎಂದೆ, ಹೆಪ್ಪು ಎಂದೆ, ಅಕ್ಕತಂಗಿ ಎಂದೆ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬಳು ಮೊಬೈಲ್ ಹಿಡಿದಿದ್ದು ನನಗೆ ಕಂಡಿತ್ತು. ನಾನು ಬೇಡವೆನ್ನಲಿಲ್ಲ, ಸೆರಗು ಸರಿಮಾಡಿಕೊಂಡೆ.

ವಾರದೊಳಗೆ ಆ ವಿಡಿಯೊ ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಚಹಾದಂಗಡಿಯಲ್ಲಿ ದೊಡ್ಡಪ್ಪನ ಎದುರೇ ಯಾರೋ ಅದನ್ನು ಹಾಕಿ, “ಏನ್ರಿ ಯಜಮಾನ್ರ, ನಿಮ್ಮನಿ ಹೆಪ್ಪು ಫಾರಿನ್ ತನಕ ಹೋಗೇತಂತಲ್ಲ. ನಮಗೂ ಒಂದೀಟು ಕೊಡಸ್ರಿ” ಎಂದನಂತೆ. ದೊಡ್ಡಪ್ಪ ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಬಂದು, “ಇನ್ನ ಆ ಗಿರಣಿಗೆ ಹೋಗಬ್ಯಾಡ” ಎಂದಷ್ಟೇ ಹೇಳಿದ.

ಸುದ್ದಿ ತಿಳಿದು ನಾನು ಊರಿಗೆ ಹೋದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು.

“ತಪ್ಪಾತು ದೊಡ್ಡವ್ವ. ದೊಡ್ಡಪ್ಪಗ ಗೊತ್ತಿರಲಿಲ್ಲ, ನನ್ನಿಂದ ಗೊತ್ತಾತು.”

“ಅವ್ರಿಗೆ ಮೊದ್ಲಿಂದ ಗೊತ್ತೈತಿ” ಎಂದಳು, ಕೈ ನಿಲ್ಲಿಸದೆ. “ನಾ ಡಬ್ಬಿ ಇಡೋದು ಮರತ್ರ, ‘ಪುಟ್ಟಿ ಹಗುರ ಕಾಣ್ತೈತಿ ನೋಡು’ ಅಂತಿದ್ರು. ಗೊತ್ತಿಲ್ಲದಂಗ ಇದ್ರು, ಅಷ್ಟ. ಈಗ ಊರಿಗೆಲ್ಲಾ ಗೊತ್ತಾಗೇತಿ. ಸುಮ್ನಿದ್ರ ತಮ್ಮಗ ಸೋತಂಗ ಆತಲ್ಲವ್ವಾ.”

ಇದೇ ಮಾತನ್ನು ನಾನು ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ, ಅಡಿಟಿಪ್ಪಣಿಗಳ ಸಮೇತ, ಇಪ್ಪತ್ತು ಪುಟ ಬರೆದಿದ್ದೆ.

ಆ ಬೇಸಿಗೆಯಲ್ಲಿ ಚಿಗವ್ವನ ಮನೆಯ ಹೆಪ್ಪು ಕೆಟ್ಟಿದೆ ಎಂದು ನೆರೆಯವರಿಂದ ತಿಳಿಯಿತು. ನಾನು ಊರಲ್ಲೇ ಇದ್ದೆ. ದೊಡ್ಡಪ್ಪ ಹೊಲಕ್ಕೆ ಹೋದ ಮೇಲೆ ದೊಡ್ಡವ್ವ ಅದೇ ಡಬ್ಬಿ ತುಂಬಿ ನನ್ನ ಕೈಗಿಟ್ಟಳು. “ನೀ ಎರಡೂ ಮನಿಗೆ ಬೇಕಾದಾಕಿ. ನಿನಗ್ಯಾರೂ ಏನೂ ಅನ್ನಂಗಿಲ್ಲ.”

ಚಿಗವ್ವ ಹೊಸ್ತಿಲಲ್ಲೇ ನಿಂತು ಡಬ್ಬಿ ತೆಗೆದುಕೊಂಡಳು. ಮುಚ್ಚಳ ತೆರೆದು, ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ನೆಕ್ಕಿ ನೋಡಿದಳು. ಆಮೇಲೆ ಮುಚ್ಚಿ ನನಗೇ ಕೊಟ್ಟಳು.

“ನೀ ಬಂದಿದ್ದು ನಾಕು ಮನಿಯಾರು ನೋಡ್ಯಾರ. ವಾಪಸ್ ಒಯ್ಯಿ.”

“ಚಿಗವ್ವ, ಯಾರೂ ಇಲ್ಲ—”

“ಇದನ್ನೂ ಎಲ್ಲ್ಯಾರ ಹೇಳ್ತೀಯೇನ?”

ಅದು ಸಿಟ್ಟಿನ ಮಾತಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. “ಇಲ್ಲ” ಎಂದೆ. ಆ ಮಾತನ್ನೂ ನಾನು ಈಗ ಉಳಿಸಿಕೊಂಡಿಲ್ಲ.

“ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕೀನಿ. ಗಟ್ಟಿ ಆಗೇತಿ ಅಂತ ಹೇಳು ಅಕ್ಕಗ.”

ತುಂಬಿದ ಡಬ್ಬಿಯನ್ನು ಹಾಗೆಯೇ ತಂದುಕೊಟ್ಟೆ. ದೊಡ್ಡವ್ವ ಅದನ್ನು ಮೊಸರಿನ ಗಡಿಗೆಗೆ ಸುರಿದು, ತೊಳೆದು ಬೋರಲು ಹಾಕಿದಳು. ಬೆನ್ನು ನನ್ನ ಕಡೆಗೇ ಇತ್ತು.

“ಕೈಯಾಗೇನರ ಕೊಟ್ಲೇನು? ಬೆಲ್ಲ ಗಿಲ್ಲ?”

ಕೊಟ್ಟಿದ್ದಳು, ದಾರಿಯಲ್ಲಿ ತಿಂದೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

“ಇಲ್ಲ ದೊಡ್ಡವ್ವ” ಎಂದೆ.